ಫೋಟೋದಿಂದ ಕತ್ತರಿಸಿ ಹಾಕಿದ ಹುಡುಗ

ನನ್ನ ಮಾನ ಕಳೆಯೋದರಲ್ಲಿ ಫೇಸ್‌ಬುಕ್ಕಿಗೆ ಒಂಥರಾ ಖುಷಿ. ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ 2021ರ ಹಳೇ ಪೋಸ್ಟ್ ಒಂದನ್ನು ತಂದು ಮುಖಕ್ಕೆ ಹಿಡಿಯಿತು. ನಮ್ಮೂರಿನ ಬೇಸ್‌ಬಾಲ್ ತಂಡ ಸ್ಯಾನ್ ಹೋಸೆ ಜೈಂಟ್ಸ್ ಮೈದಾನದಲ್ಲಿ, ಬ್ಯಾಟ್ ಬೀಸುವ ಜಾಗವಾದ ಹೋಮ್ ಪ್ಲೇಟಿನ ಹಿಂದೆ ಕೂತು, ಬಲೆಯ ಸಂದಿಯಿಂದ ನಾನೇ ತೆಗೆದ ಫೋಟೋ. ಶಾರ್ಟ್‌ಸ್ಟಾಪ್ ಅನ್ನುವ ಫೀಲ್ಡರ್ ಜಾಗದಲ್ಲಿ ಮಂಡಿ ಬಾಗಿಸಿ ನಿಂತ ಹುಡುಗ ಮಾರ್ಕೊ ಲುಸಿಯಾನೊ. ಕೆಳಗೆ ನನ್ನ ಕಣಿ: "ಈ ಹೆಸರು ಬರೆದಿಟ್ಕೊಳ್ಳಿ. ಇನ್ನೆರಡು ವರ್ಷಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಇವನದೇ."

ಫೋನಿನಲ್ಲಿ ಮೂಲ ಫೋಟೋ ಹುಡುಕಿದೆ, ಸಿಕ್ಕಿತು. ಅದರ ಬಲಗಡೆ ಕಾಲುಭಾಗ ಕ್ಯಾಚರ್ (ಕ್ರಿಕೆಟ್ಟಿನ ವಿಕೆಟ್‌ಕೀಪರ್ ಥರ) ಒಬ್ಬನ ಬೆನ್ನು, ಹೆಲ್ಮೆಟ್ಟು. ಒಳ್ಳೇ ಫೋಟೋ ಕೆಡಿಸಿದ ಅಂತ ಬೈಕೊಂಡು ಅವನನ್ನು ಕತ್ತರಿಸಿ ಹಾಕಿದ್ದೆ.

ಆ ಬೆನ್ನು ಪ್ಯಾಟ್ರಿಕ್ ಬೇಯ್ಲಿಯದು. 2024ರಲ್ಲೂ 2025ರಲ್ಲೂ ದೊಡ್ಡ ತಂಡಗಳ ಎರಡು ಲೀಗುಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಕ್ಯಾಚರ್‌ಗಳ ಪೈಕಿ, ಒಳ್ಳೇ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಹೊಡೆದವನು ಅವನೇ.

ಬೇಸ್‌ಬಾಲ್ ಅಂದ್ರೆ "ಆ ದೊಣ್ಣೆ ಆಟಾನಾ" ಅನ್ನುವ ಗೆಳೆಯರಿಗೆ ಒಂದು ಮಾತು. ಇಲ್ಲಿ ಪ್ರತಿ ದೊಡ್ಡ ತಂಡದ ಕೆಳಗೂ ಒಂದು ಏಣಿ ಇರುತ್ತದೆ. ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಏಣಿ ಅರಿಜೋನಾದ ಬಿಸಿಲಲ್ಲಿ ಶುರು. ಆಮೇಲೆ ಸ್ಯಾನ್ ಹೋಸೆ, ಆರೆಗಾನ್‌ನ ಯೂಜೀನ್, ಅಲ್ಲಿಂದ ದೇಶದ ಆ ತುದಿಯ ವರ್ಜೀನಿಯಾದ ರಿಚ್ಮಂಡ್, ವಾಪಸ್ ಸ್ಯಾಕ್ರಮೆಂಟೊ. ಇವೆಲ್ಲ ಮೈನರ್ ಲೀಗ್. ಅದೂ ದಾಟಿದರೆ ಸ್ಯಾನ್ ಫ್ರಾನ್ಸಿಸ್ಕೊ, ಅಂದರೆ ಮೇಜರ್ ಲೀಗ್. ನಮ್ಮ ಸ್ಟೇಡಿಯಂನಿಂದ ಅಲ್ಲಿಗೆ ಹೆಚ್ಚುಕಮ್ಮಿ ಎಂಬತ್ತು ಕಿಲೋಮೀಟರ್. ಆದರೆ ಈ ಹುಡುಗರು ವರ್ಜೀನಿಯಾ ಸುತ್ತಿಕೊಂಡು ಹೋಗಬೇಕು. ತಲೆ ಸುತ್ತ ಕೈ ತಂದು ಮೂಗು ಹಿಡಿದ ಹಾಗೆ. ಎಷ್ಟೋ ಹುಡುಗರಿಗೆ ಮೂಗು ಸಿಗೋದೇ ಇಲ್ಲ.

2021ರ ಆ ಸ್ಯಾನ್ ಹೋಸೆ ತಂಡ ಮಾತ್ರ ಜಬರ್ದಸ್ತ್. ಲುಸಿಯಾನೊ ಇದ್ದ. ಡೊಮಿನಿಕನ್ ರಿಪಬ್ಲಿಕ್‌ನಿಂದ ಹದಿನಾರನೇ ವಯಸ್ಸಿಗೇ 26 ಲಕ್ಷ ಡಾಲರ್ ಕೊಟ್ಟು ತಂದ ಹುಡುಗ. ಆ ವರ್ಷ ಲೀಗಿನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ ಆದ ಲೂಯಿಸ್ ಮ್ಯಾಟೋಸ್ ಇದ್ದ. ಎಡಗೈಯಲ್ಲಿ ಚೆಂಡು ಎಸೆಯುವ ಪಿಚರ್ ಕೈಲ್ ಹ್ಯಾರಿಸನ್ ಇದ್ದ. ಚಾಂಪಿಯನ್‌ಶಿಪ್ಪೂ ನಮ್ಮದೇ. ಬೇಯ್ಲಿ? ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ 2020ರಲ್ಲಿ ಹದಿಮೂರನೆಯವನಾಗಿ ಆರಿಸಿಕೊಂಡಿದ್ದ ದುಬಾರಿ ಹುಡುಗ. ಯೂಜೀನ್‌ನಲ್ಲಿ ಬ್ಯಾಟಿಂಗ್ ಸರಾಸರಿ .185ಕ್ಕೆ (ನೂರು ಪ್ರಯತ್ನಕ್ಕೆ ಹದಿನೆಂಟೂವರೆ ಹಿಟ್, ತೀರಾ ಕಮ್ಮಿ) ಬಿದ್ದು, ಒಂದು ಮೆಟ್ಟಿಲು ಕೆಳಗೆ ದೂಡಿಸಿಕೊಂಡು ನಮ್ಮೂರಿಗೆ ಬಂದಿದ್ದ. ಡಿಮೋಷನ್ ಕೇಸ್. ಅವನ ಕಡೆ ಯಾರು ನೋಡ್ತಾರೆ? ನಾನೂ ನೋಡಲಿಲ್ಲ. ಅವನು ಇಲ್ಲಿ .322 ಹೊಡೆದಾಗಲೂ "ಚಿಕ್ಕ ಮಕ್ಕಳ ಎದುರು ಹೊಡೆದರೆ ದೊಡ್ಡ ಸಾಧನೆಯೇನು" ಅಂದವನು ನಾನು.

ಆ ಬೇಸಿಗೆಯ ಇನ್ನೊಂದು ವಿಷಯ ಹೇಳಿಬಿಡ್ತೀನಿ. ಪಿಚರ್ ಹದಿನೈದು ಸೆಕೆಂಡಿನಲ್ಲಿ ಚೆಂಡು ಎಸೆಯಲೇಬೇಕು ಅನ್ನುವ ಗಡಿಯಾರವನ್ನು ಪ್ರಯೋಗಕ್ಕೆ ಹಚ್ಚಿದ್ದು ನಮ್ಮ ಲೀಗಿನಲ್ಲೇ. ಮೊದಲ ವಾರ ಎಲ್ಲರೂ ನಕ್ಕೆವು. 2023ರಲ್ಲಿ ಅದೇ ಗಡಿಯಾರ ಮೇಜರ್ ಲೀಗಿಗೆ ಹೋಯಿತು. ಮೈನರ್ ಲೀಗಿನಲ್ಲಿ ಪರೀಕ್ಷೆಗೆ ಕೂರುವುದು ಹುಡುಗರಷ್ಟೇ ಅಲ್ಲ, ಆಟದ ನಿಯಮಗಳೂ ಕೂರುತ್ತವೆ.

ಈಗ ಜೋಯಿ ಬಾರ್ಟ್ ಕಥೆಗೆ ಬರ್ತೀನಿ. ಅದಿಲ್ಲದೆ ಬೇಯ್ಲಿ ಕಥೆ ಅರ್ಥ ಆಗಲ್ಲ. 2018ರ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೆ ಎರಡನೆಯವನು, ನಮ್ಮ ಹೆಸರಾಂತ ಕ್ಯಾಚರ್ ಬಸ್ಟರ್ ಪೋಸಿಯ ಉತ್ತರಾಧಿಕಾರಿ ಅಂತ ಡಂಗುರ ಹೊಡೆದು ತಂದ ಕ್ಯಾಚರ್. 2019ರಲ್ಲಿ ಕೈ ಮುರಿಯಿತು, ವಾರಗಟ್ಟಲೆ ಆಟ ಹೋಯಿತು. ಮೇಲಿನ ಮೆಟ್ಟಿಲುಗಳಲ್ಲಿ ಬೆವರು ಹರಿಸಲು ಸಮಯವೇ ಸಿಗಲಿಲ್ಲ. 2020ರಲ್ಲಿ ಕೋವಿಡ್ ಅಂತ ಪೋಸಿ ಮನೆಯಲ್ಲೇ ಉಳಿದ, ತಂಡ ಬಾರ್ಟ್‌ನನ್ನು ಎತ್ತಿ ನೇರ ಮೇಜರ್ ಲೀಗಿನ ಬಾಯಿಗೆ ಹಾಕಿತು. 33 ಪಂದ್ಯ, ಒಂದೂ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ) ಇಲ್ಲ, 41 ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್). ಆಮೇಲೆ ಅವನು ಇಲ್ಲಿ ಚೇತರಿಸಿಕೊಳ್ಳಲೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಕಳಿಸಿದರು. ಅಲ್ಲಿ ಹೋಗಿ ಅದೇ ವರ್ಷ 13 ಹೋಮ್ ರನ್ ಹೊಡೆದ, ಪುಣ್ಯಾತ್ಮ!

ನನ್ನ ಜಗಳ ಇಲ್ಲೇ. ಬಾರ್ಟ್‌ಗೆ ಪ್ರತಿಭೆ ಕಮ್ಮಿ ಇರಲಿಲ್ಲ, ಸದ್ದಿಲ್ಲದೆ ಸೋಲೋಕೆ ಒಂದು ಜಾಗ ಇರಲಿಲ್ಲ. ಬೇಯ್ಲಿಗೆ ಆ ಜಾಗ ಸಿಕ್ಕಿತು, ಅದು ನಮ್ಮ ಆಲ್ಮಾ ರಸ್ತೆಯ ಸ್ಟೇಡಿಯಂ. 1942ರಲ್ಲಿ ಕಟ್ಟಿದ್ದು. ನಾಲ್ಕು ಸಾವಿರ ಜನ ಸೇರಿದರೆ ಜಾತ್ರೆ. .185 ಹೊಡೆದು ಬಂದವನನ್ನು ಯಾವ ಟಿವಿಯವನೂ ಇಲ್ಲಿ ಪ್ರಶ್ನೆ ಕೇಳಲ್ಲ.

ಮುಂದೆ ಯಾವ ಹುಡುಗ ದೊಡ್ಡವನಾಗ್ತಾನೆ ಅಂತ ಪಟ್ಟಿ ಮಾಡುವ ಪ್ರಾಸ್ಪೆಕ್ಟ್ ರ‍್ಯಾಂಕಿಂಗ್ ಅನ್ನುವುದು ನಮ್ಮ ಸಿಇಟಿ ರ‍್ಯಾಂಕ್ ಇದ್ದ ಹಾಗೆ. ಬಂದ ದಿನ ಓಣಿಗೆಲ್ಲ ಸ್ವೀಟು, ನಾಲ್ಕು ವರ್ಷ ಬಿಟ್ಟು ಕೇಳಿದರೆ ಯಾರಿಗೂ ನೆನಪಿಲ್ಲ. ಆದರೂ ನಾನು ವರ್ಷಗಟ್ಟಲೆ ರಾತ್ರಿ ಹನ್ನೊಂದಕ್ಕೆ ಅಂಕಪಟ್ಟಿ ತೆಗೆದು, ಇವನು ನಾಲ್ಕಕ್ಕೆ ಎರಡು, ಅವನು ಮೂರಕ್ಕೆ ಸೊನ್ನೆ ಅಂತ ಲೆಕ್ಕ ಹಾಕಿದವನೇ. ಆ ಲೆಕ್ಕದಲ್ಲಿ ಏನು ಕಾಣಲ್ಲ ಗೊತ್ತಾ? ಕೆಳಗಿನ ಲೀಗಿನಲ್ಲಿ ಪಿಚರ್‌ಗೆ "ಇವತ್ತು ಹೊಸ ನಿಧಾನದ ಎಸೆತ, ಆ ಚೇಂಜಪ್ಪನ್ನೇ ಎಸಿ, ಏಟು ಬಿದ್ದರೂ ಪರವಾಗಿಲ್ಲ" ಅಂತ ಹೇಳಿ ಕಳಿಸಿರ್ತಾರೆ. ಅವನು ಆರು ರನ್ ಕೊಟ್ಟು ನಗುತ್ತಾ ಡಗೌಟಿಗೆ ಹೋಗ್ತಾನೆ. ನಾವು ಮೊಬೈಲಿನಲ್ಲಿ ಆರು ರನ್ ನೋಡಿ, ಇವನು ದಂಡ ಅಂತ ಷರಾ ಬರೀತೀವಿ.

ಬೇಯ್ಲಿ ವಿದ್ಯೆ ಅಂತೂ ಅಂಕಪಟ್ಟಿಗೆ ಹತ್ತುವುದೇ ಇಲ್ಲ. ಫ್ರೇಮಿಂಗ್ ಅಂತಾರೆ. ಬ್ಯಾಟರ್ ಹೊಡೆಯಲೇಬೇಕಾದ ವಲಯದ, ಅಂದರೆ ಸ್ಟ್ರೈಕ್ ಗೆರೆಯ, ಅಂಚಿಗೆ ಬಂದ ಚೆಂಡನ್ನು, ಮಣಿಕಟ್ಟು ಒಂದಿಷ್ಟೂ ಅಲುಗದ ಹಾಗೆ ಒಳಗೆಳೆದುಕೊಂಡು, "ಇದು ಮೊದಲಿಂದ ಇಲ್ಲೇ ಇತ್ತು ಸ್ವಾಮಿ" ಅನ್ನುವ ಮುಖದಲ್ಲಿ ಕೂರೋದು. ಅಂಪೈರ್ ಸ್ಟ್ರೈಕ್ ಅಂತಾನೆ. ಅವತ್ತು ನಾನು ಕೂತಿದ್ದು ಅವನ ಹಿಂದೆ ಐದಾರು ಸಾಲಿನಲ್ಲಿ. ಆ ಕೈಚಳಕ ಕಣ್ಣೆದುರೇ ನೂರು ಸಲ ನಡೆದಿರಬೇಕು. ನಾನು ಶಾರ್ಟ್‌ಸ್ಟಾಪ್ ಕಡೆ ಜೂಮ್ ಮಾಡ್ತಿದ್ದೆ. (2026ರಿಂದ ಅಂಪೈರ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಬಹುದು ಅಂತ ನಿಯಮ ಮಾಡಿದ್ದಾರೆ. ಈ ವಿದ್ಯೆಗೆ ಅದರಿಂದ ಏಟು ಬೀಳುತ್ತೆ ಅಂತ ನನಗೆ ಸಂಕಟ.)

ಬ್ಯಾಟಿಂಗ್ ಅವನದು ಮೇಜರ್ ಲೀಗಿನಲ್ಲಿ ಅಷ್ಟಕ್ಕಷ್ಟೇ, ಸುಳ್ಳು ಯಾಕೆ ಹೇಳಲಿ. ಆದರೂ 2025ರ ಜುಲೈ 8ರ ರಾತ್ರಿ, ಫಿಲಡೆಲ್ಫಿಯಾ ಎದುರು ಕೊನೆಯ ಇನ್ನಿಂಗ್ಸ್, ಎರಡು ರನ್ ಹಿಂದೆ. ಅವನು ಹೊಡೆದ ಚೆಂಡು ಗೋಡೆಗೆ ಬಡಿದು ಎಲ್ಲೋ ಉರುಳಿ ಹೋಯಿತು. ಕ್ಯಾಚರ್ ಅನ್ನುವ ಪ್ರಾಣಿ ನಾಲ್ಕೂ ಬೇಸ್ ಸುತ್ತಿ ಓಡಿ ಮನೆ ಮುಟ್ಟಿದ. ಪಂದ್ಯ ನಮ್ಮದು. ಕ್ಯಾಚರ್ ಒಬ್ಬ ಹೀಗೆ ಪಂದ್ಯ ಮುಗಿಸಿದ್ದು 1926ರ ನಂತರ ಅದೇ ಮೊದಲು. ನಾನು ಕೂಗಿದ ಸದ್ದಿಗೆ ಮಲಗಿದ್ದ ಮಗಳು ಎದ್ದು ಬಂದಳು.

ಉಳಿದವರು? ಲುಸಿಯಾನೊ 2023ರಲ್ಲಿ ಮೇಲೆ ಹೋದ, ಕಾಲೂರಲಿಲ್ಲ, 2025 ಪೂರ್ತಿ ಸ್ಯಾಕ್ರಮೆಂಟೊದಲ್ಲೇ ಕಳೆದ. ಹ್ಯಾರಿಸನ್‌ನನ್ನು 2025ರ ಜೂನ್‌ನಲ್ಲಿ ಬ್ಯಾಟರ್ ರಫೇಲ್ ಡೆವರ್ಸ್‌ಗೋಸ್ಕರ ಬಾಸ್ಟನ್‌ಗೆ ಕೊಟ್ಟರು. ಜೊತೆಗೆ ಹಿಂದಿನ ವರ್ಷದ ಮೊದಲ ಸುತ್ತಿನ ಹುಡುಗ ಜೇಮ್ಸ್ ಟಿಬ್ಸ್ ಕೂಡ. ಆ ವ್ಯಾಪಾರ ನನಗೆ ಒಪ್ಪಿಗೆಯೇ. ಆದರೆ ಎರಡು ತಿಂಗಳು ತುಂಬುವ ಮೊದಲೇ ಬಾಸ್ಟನ್‌ನವರು ಟಿಬ್ಸ್‌ನನ್ನು ಡಾಡ್ಜರ್ಸ್‌ಗೆ ದಾಟಿಸಿದರಲ್ಲ, ಅದು ಹೊಟ್ಟೆಗೆ ಬಿದ್ದ ಏಟು. ಹೆಣ್ಣು ಕೊಟ್ಟಿದ್ದು ಒಂದು ಮನೆಗೆ, ಸೇರಿದ್ದು ನಮ್ಮ ದಾಯಾದಿಗಳ ಮನೆಗೆ.

ಊರಿಂದ ಫೋನ್ ಮಾಡಿದವರು "ನಮ್ಮೋರು ಯಾರಾದ್ರೂ ಇದಾರೇನಪ್ಪ ಅದರಲ್ಲಿ" ಅಂತ ಕೇಳ್ತಾರೆ. ಇದ್ದರು. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಟಿವಿ ಸ್ಪರ್ಧೆ ಗೆದ್ದು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. ರಿಂಕು ನಮ್ಮ ಸ್ಯಾನ್ ಹೋಸೆಯಂಥದೇ ಮೆಟ್ಟಿಲವರೆಗೆ ಹತ್ತಿದ. ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ.

2024ರ ಮೇ ತಿಂಗಳಲ್ಲಿ ಅಪ್ಪ ಇಲ್ಲಿದ್ದರು. ಅರಸೀಕೆರೆ ಕಡೆ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿ ರಿಟೈರ್ ಆದವರು, ವಾಲಿಬಾಲ್ ಜೀವ. ಒಂದು ಸಂಜೆ ಕರ್ಕೊಂಡು ಹೋದೆ. ಎದುರಾಳಿ ತಂಡದ ಒಬ್ಬನನ್ನು "ಬಿಯರ್ ಬ್ಯಾಟರ್" ಅಂತ ಸಾರಿರ್ತಾರೆ, ಅವನು ಸ್ಟ್ರೈಕ್ ಔಟ್ ಆದರೆ ಸ್ವಲ್ಪ ಹೊತ್ತು ಬಿಯರ್ ಅರ್ಧ ಬೆಲೆಗೆ. ಜೀವನದಲ್ಲಿ ಬಿಯರ್ ಮುಟ್ಟದ ಅಪ್ಪ ಎಲ್ಲರಿಗಿಂತ ಜೋರಾಗಿ ಕೂಗಿದರು. ಆಮೇಲೆ ಕೇಳಿದರು:

"ಗೆದ್ರೆ ಏನೋ ಕೊಡ್ತಾರೆ ಇವರಿಗೆ?"

"ಕಪ್ ಇದೆಯಪ್ಪ. ಆದ್ರೆ ಅದು ಯಾರಿಗೂ ಅಷ್ಟು ಮುಖ್ಯ ಅಲ್ಲ."

"ಮತ್ತೆ ಯಾತಕ್ಕೆ ಆಡ್ತಾವೆ ಈ ಹುಡುಗ್ರು?"

"ಇಲ್ಲಿಂದ ಹೋಗೋಕೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ನಮ್ಮ ಹೈಸ್ಕೂಲಿನಂಗೇ ಬಿಡು."

ಸಂಬಳ ಎಷ್ಟು ಅಂತಲೂ ಕೇಳಿದರು, ಮೇಷ್ಟ್ರಲ್ವಾ. ಈ ಮಟ್ಟದಲ್ಲಿ ವರ್ಷಕ್ಕೆ 26,200 ಡಾಲರ್ ಕನಿಷ್ಠ ಅಂತ ಆಗಿತ್ತು. ಅದೂ 2022ರಲ್ಲಿ ಹುಡುಗರು ಯೂನಿಯನ್ ಸೇರಿ, 2023ರಲ್ಲಿ ಒಪ್ಪಂದ ಮಾಡಿಸಿಕೊಂಡ ಮೇಲೆ. ಅದಕ್ಕೆ ಮುಂಚೆ 11,000 ಇತ್ತು. ಸ್ಯಾನ್ ಹೋಸೆಯಲ್ಲಿ ಬಾಡಿಗೆ ಕಟ್ಟುವವರಿಗೆ ನಾನು ವಿವರಿಸಬೇಕಾಗಿಲ್ಲ. "ಪ್ಲೇಯರ್ ಡೆವಲಪ್‌ಮೆಂಟ್" ಅಂತ ಕ್ಯಾಮೆರಾ, ಕಂಪ್ಯೂಟರ್ ಮಾತಾಡುವವರು ಮೊದಲು ಈ ಅಂಕಿ ನೋಡಲಿ. ಹುಡುಗನಿಗೆ ಹೊಟ್ಟೆ ತುಂಬ ಊಟ, ಮಲಗೋಕೆ ಮಂಚ ಕೊಡದೆ ಅವನ ಸ್ವಿಂಗ್ ತಿದ್ದೋಕೆ ಹೋಗ್ತಿದ್ದದ್ದು ಯಾವ ಸೀಮೆ ವಿಜ್ಞಾನ?

ಅವತ್ತು ನಮ್ಮ ತಂಡದಲ್ಲಿ ಬ್ರೈಸ್ ಎಲ್ಡ್ರಿಜ್ ಅನ್ನುವ ಹತ್ತೊಂಬತ್ತರ ಹುಡುಗ ಇದ್ದ. ಆರಡಿ ಏಳಿಂಚು. ಅಪ್ಪ ಅವನನ್ನೇ ದಿಟ್ಟಿಸಿ, "ಇಷ್ಟುದ್ದ ಬೆಳೆದವಕ್ಕೆ ಮೈ ಹಿಡಿತಕ್ಕೆ ಬರೋದು ತಡ. ಓಡಿಸಬಾರದು" ಅಂದರು. ಅದೇ ವರ್ಷ ಅವನನ್ನು ಸ್ಯಾಕ್ರಮೆಂಟೊವರೆಗೆ ಮೂರು ಮೆಟ್ಟಿಲು ಓಡಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್. ಹತ್ತು ಪಂದ್ಯಕ್ಕೆ ಮೂರೇ ಹಿಟ್. ನಮ್ಮ ಅಭಿಮಾನಿ ಬಳಗದ ವಾಟ್ಸಾಪ್‌ನಲ್ಲಿ ಆಗಲೇ ತಿಥಿ ಊಟಕ್ಕೆ ಎಲೆ ಹಾಕಿದ್ದರು. ಎಲಿಯಟ್ ರಾಮೋಸ್ ನೆನಪಿಲ್ವಾ ಇವರಿಗೆ? 2017ರಲ್ಲಿ ಬಂದವನು, 2022, 2023 ಎರಡೂ ವರ್ಷ ಕೈಕೊಟ್ಟ. ಕೈಬಿಡದೆ ಕಾದರು, 2024ರಲ್ಲಿ ಲೀಗಿನ ಆಯ್ದ ಆಟಗಾರರ ಆಲ್-ಸ್ಟಾರ್ ತಂಡ ಸೇರಿದ.

ಆಫೀಸಿನ ಗೆಳೆಯ ಪ್ರತಿ ಏಪ್ರಿಲ್‌ನಲ್ಲೂ "ಈ ಸಲ ಯಾರನ್ನು ನೋಡ್ಬೇಕು ಹೇಳು" ಅಂತ ಗಂಟು ಬೀಳ್ತಾನೆ. ಹೆಸರು ಕೇಳಬೇಡ ಮಾರಾಯ, ಒಂದು ಸಲ ಹೇಳಿ ಆಗಿದೆ. ಶುಕ್ರವಾರ ಸಂಜೆ ಬಾ, ಹೋಮ್ ಪ್ಲೇಟಿನ ಹಿಂದೆ ಕೂರೋಣ. ಮೊದಲ ಮೂರು ಇನ್ನಿಂಗ್ಸ್ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ, ಟೋಪಿ ತಗೊಂಡು ಬಾ. ಆರನೇ ಇನ್ನಿಂಗ್ಸ್ ಹೊತ್ತಿಗೆ ಚಳಿ ಶುರು, ಸ್ವೆಟರೂ ಇರಲಿ.