ಹೆದರಿಸುವವರೇ ಜಾಸ್ತಿ
ಬಸುರಿಯಿದ್ದಾಗಲೇ ಎದೆಹಾಲಿನ ಚಿಂತೆ ಶುರುವಾಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನೂರಕ್ಕೆ ನೂರು ನಿಜ. ನನಗೀಗ ಎಂಟು ತಿಂಗಳು. ಮೊನ್ನೆ ನೈಟಿ ಮೇಲೆ ಹಳದಿ ಕಲೆ ನೋಡಿ ಎದೆ ಧಸಕ್ಕೆಂದಿತು. ಅದು ಗಿಣ್ಣುಹಾಲು, ಈಗಲೇ ಸ್ವಲ್ಪ ಸೋರಬಹುದು, ಸೋರದಿದ್ದರೂ ಪರವಾಗಿಲ್ಲ ಎಂದರು ನರ್ಸ್. ಹೆರಿಗೆಯಾದ ಮೊದಲ ದಿನ ಬರುವುದೇ ಕೆಲವು ಚಮಚ. ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕಂತೆ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು, ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಇದನ್ನೆಲ್ಲ ಯಾರೂ ಮೊದಲೇ ಹೇಳುವುದಿಲ್ಲ, ಅಲ್ವಾ? ‘ನಿನಗೆ ಹಾಲು ಸಾಲುತ್ತೋ ಇಲ್ವೋ’ ಎಂದು ಸುಮ್ನೆ ಹೆದರಿಸುತ್ತಾರೆ. ಕುಡಿಸುವ ಆಸೆ ನನಗೆ ತುಂಬಾ ಇದೆ. ಆದರೆ ರಾತ್ರಿಯಿಡೀ ಏಳುವುದನ್ನು ನೆನೆದರೆ ಅಳುವೂ ಬರುತ್ತದೆ. (ಈಗಲೂ ನಿದ್ದೆ ಅಷ್ಟಕ್ಕಷ್ಟೇ. ಪಕ್ಕದಲ್ಲಿ ಗಂಡನ ಗೊರಕೆ ಮಾತ್ರ ಜೋರು.)