ಅಜ್ಜನ ಪತ್ತೆಗೆ ಮೀಟರ್ ಯಾಕೆ?

ಮಂಜು ಮಾರಿ ಆಯಿತು. ಮಳೆ ಮಾರಿ ಆಯಿತು. ಜಿಗಣೆ ಕಚ್ಚಿದರೆ ಅದನ್ನೂ ‘ಕಾಡಿನ ಅನುಭವ’ ಎಂದು ಬಿಲ್ಲಿಗೆ ಸೇರಿಸಿ ಆಯಿತು. ಕೊಡಗಿನಲ್ಲಿ ಪ್ರವಾಸಿಗರಿಗೆ ಮಾರಲು ಇನ್ನು ಉಳಿದಿದ್ದು ದೆವ್ವ ಒಂದೇ. ಅದಕ್ಕೂ ಗಿರಾಕಿಗಳಿದ್ದಾರೆ. ವೀಕೆಂಡಿಗೆ ಬೆಂಗಳೂರಿನಿಂದ ಬಂದು, ಎಸ್ಟೇಟಿನ ಹಳೇ ಬಂಗಲೆಯಲ್ಲಿ ದೀಪ ಆರಿಸಿ, ಕೈಯಲ್ಲೊಂದು ಮೀಟರ್ ಹಿಡಿದು, “ಯಾರಾದರೂ ಇದ್ದೀರಾ?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಸತ್ತವನು ತೋಟದ ಮೇಸ್ತ್ರಿಯಾಗಿದ್ದರೆ ಪಾಪ, ಏನಂತ ಉತ್ತರ ಕೊಡಬೇಕು?

ಮೀಟರ್ ಕುಂಯ್ ಅನ್ನುತ್ತದೆ. ಎಲ್ಲರೂ ಕಿರುಚುತ್ತಾರೆ. ಅದು ಹಿಡಿಯುವುದು ವಿದ್ಯುತ್ಕಾಂತ ಕ್ಷೇತ್ರವನ್ನು. ವೈರು, ಸ್ವಿಚ್ಚು, ಜೇಬಿನ ಮೊಬೈಲು, ಯಾವುದಕ್ಕೆ ಬೇಕಾದರೂ ಕುಂಯ್ ಅಂದೀತು. ಯಾವ ಕಾಲದಲ್ಲೋ ವೈರಿಂಗ್ ಮಾಡಿದ ಬಂಗಲೆಯಲ್ಲಿ ಸುಮ್ನೆ ಕೂರುತ್ತದೆಯೇ? ಕರೆಯಬೇಕಾದದ್ದು ಎಲೆಕ್ಟ್ರಿಷಿಯನ್ನನ್ನು.

ಇದಕ್ಕೊಂದು ಸಿದ್ಧಾಂತವೂ ಇದೆ, ಕೇಳಿ. ಹಳೇ ಕಲ್ಲಿನ ಗೋಡೆ ಅಲ್ಲಿ ನಡೆದ ದುರಂತವನ್ನು ಹಿಡಿದಿಟ್ಟುಕೊಂಡು ಆಗಾಗ ಪ್ಲೇ ಮಾಡುತ್ತದಂತೆ. ಹೆಸರು ‘ಸ್ಟೋನ್ ಟೇಪ್ ಥಿಯರಿ’. ಈ ಹೆಸರು ಬಂದಿದ್ದು ಯಾವ ಪ್ರಯೋಗಾಲಯದಿಂದ? ಟೀವಿಯಿಂದ! 1972ರ ಕ್ರಿಸ್‌ಮಸ್ ದಿನ ಬಿಬಿಸಿಯಲ್ಲಿ ಬಂದ ‘ದಿ ಸ್ಟೋನ್ ಟೇಪ್’ ನಾಟಕದಿಂದ. ಬರೆದವರು ನೈಜೆಲ್ ನೀಲ್.

ನಾಟಕವೇನೋ ಈಗ ನೋಡಿದರೂ ಮೈ ಜುಂ ಅನ್ನುತ್ತದೆ. ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ತಂಡ ಹಳೇ ಬಂಗಲೆಗೆ ಬರುತ್ತದೆ. ಜಪಾನಿನವರನ್ನು ಸೋಲಿಸುವಂಥ ಹೊಸ ರೆಕಾರ್ಡಿಂಗ್ ವಿಧಾನ ಹುಡುಕಬೇಕು. ಅಲ್ಲಿನ ಕಲ್ಲಿನ ಕೋಣೆಯಲ್ಲಿ 1890ರಲ್ಲಿ ಸತ್ತ ಕೆಲಸದ ಹುಡುಗಿಯ ಚೀರಾಟ ಕೇಳುತ್ತದೆ. ಕೇಳುವುದು ಮನುಷ್ಯರಿಗೆ, ಯಂತ್ರದಲ್ಲಿ ಏನೂ ದಾಖಲಾಗುವುದಿಲ್ಲ. (ಮೀಟರ್ ಹಿಡಿದವರು ಈ ಭಾಗ ನೋಡಿಲ್ಲ ಅಂತ ಕಾಣುತ್ತದೆ.) ತಂಡದ ಸಾಹೇಬನಿಗೆ ಭಯಕ್ಕಿಂತ ಆಸೆ ಜಾಸ್ತಿ. ಕಲ್ಲಿನ ಗುಟ್ಟು ಸಿಕ್ಕರೆ ಮಾರುಕಟ್ಟೆಯೆಲ್ಲ ನಮ್ಮದೇ! ಇದ್ದಬದ್ದ ಯಂತ್ರವೆಲ್ಲ ತಂದು ಕೋಣೆಯಲ್ಲಿ ಸಿಕ್ಕಾಪಟ್ಟೆ ಸದ್ದೆಬ್ಬಿಸುತ್ತಾನೆ. ಹುಡುಗಿಯ ಚೀರಾಟ ಅಳಿಸಿಹೋಗುತ್ತದೆ. ಅದರ ಅಡಿಯಲ್ಲಿ ಇನ್ನೂ ಹಳೆಯದು, ಇನ್ನೂ ಕೆಟ್ಟದ್ದು ಒಂದಿರುತ್ತದೆ. ಅದಕ್ಕೆ ತಂಡದ ಕಂಪ್ಯೂಟರ್ ಪ್ರೋಗ್ರಾಮರ್ ಹೆಂಗಸು ಬಲಿಯಾಗುತ್ತಾಳೆ. ದೆವ್ವದಲ್ಲಿ ದುಡ್ಡು ಮಾಡಲು ಹೊರಟು ಕೆಟ್ಟವನ ಕಥೆ ಇದು. ಅದನ್ನೇ ನಮ್ಮವರು ದುಡ್ಡು ಮಾಡುವ ಸಿದ್ಧಾಂತ ಮಾಡಿಕೊಂಡಿದ್ದಾರೆ.

ಕೊಡಗಿಗೆ ಸತ್ತವರ ಜತೆ ವ್ಯವಹಾರ ಹೊಸದೇನಲ್ಲ. ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಗುರುಕಾರಣರೆಂಬ ತೀರಿಹೋದ ಹಿರಿಯರಿಗೆ ಕಡಂಬುಟ್ಟು, ಪಂದಿ ಕರಿ, ಒಂದಿಷ್ಟು ಮದ್ಯ ಇಟ್ಟು ಕೈ ಮುಗಿಯುತ್ತಾರೆ. ಯಾರಾದರೂ ಇದ್ದೀರಾ ಅಂತ ಯಾರೂ ಕೇಳುವುದಿಲ್ಲ. ಇದ್ದೇ ಇದ್ದಾರೆ. ನಂಬಿಕೆ ಬಾರದಿದ್ದರೆ ಪಹಣಿ ತೆಗೆದು ನೋಡಿ.

ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಪಟ್ಟೇದಾರನ, ಅಂದರೆ ಕುಟುಂಬದ ಯಜಮಾನನ ಹೆಸರಿರುತ್ತದಲ್ಲ, ಎಷ್ಟೋ ಕಡೆ ಆತ ತೀರಿಕೊಂಡು ತಲೆಮಾರುಗಳೇ ಕಳೆದಿವೆ. ಕಾಫಿ ಕೊಯ್ಯಿಸುವವನು ಮೊಮ್ಮಗ, ದಾಖಲೆಯಲ್ಲಿ ಇನ್ನೂ ಅಜ್ಜ. ಸಾಲ ಬೇಕಾದರೆ ಅಜ್ಜ ಅಡ್ಡ, ಪಾಲು ಬೇಕಾದರೆ ಅಜ್ಜ ಅಡ್ಡ. ಕಾನೂನಿಗೆ ತಿದ್ದುಪಡಿ ಬಂತು, ಅಜ್ಜ ಕದಲಲಿಲ್ಲ. ಬಿಬಿಸಿಯ ಹುಡುಗಿ ಯಂತ್ರದ ಸದ್ದಿಗೇ ಅಳಿಸಿಹೋದಳು. ಇಲ್ಲಿ ಇಡೀ ಒಕ್ಕವೇ, ಕುಲಕ್ಕೆ ಕುಲವೇ ನಿಂತು ವರ್ಷಗಟ್ಟಲೆ ಕೂಗಿದರೂ ಒಂದಕ್ಷರ ಮಾಸಿಲ್ಲ. ಜಪಾನಿನವರನ್ನು ಸೋಲಿಸುವ ರೆಕಾರ್ಡಿಂಗ್ ಅಂದರೆ ಇದೇ ಅಲ್ವಾ?

ಆದ್ದರಿಂದ ಹೋಂಸ್ಟೇ ಮಾಲೀಕರೇ, ಗಿರಾಕಿಗಳನ್ನು ಬಂಗಲೆಗೆ ಬಿಡಬೇಡಿ. ನೇರ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಕರೆದುಕೊಂಡು ಹೋಗಿ. ದೀಪ ಆರಿಸುವ ಖರ್ಚೂ ಇಲ್ಲ, ಕರೆಂಟ್ ತಾನೇ ಹೋಗುತ್ತದೆ. ಕರೆಂಟ್ ಇದ್ದರೆ ಖಾಲಿ ಕುರ್ಚಿಯ ಮೇಲೆ ಫ್ಯಾನ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ. “ಯಾರಾದರೂ ಇದ್ದೀರಾ?” ಅಂತ ಮೂರು ಸಲ ಕೂಗಿ. ಬೀರುವಿನ ಹಿಂದಿನಿಂದ ದನಿ ಬರುತ್ತದೆ.

“ಪಟ್ಟೇದಾರರು ಬಂದಿದ್ದಾರಾ?”

“ಅವರು ತೀರಿಕೊಂಡಿದ್ದಾರೆ ಸಾರ್.”

“ಹಾಗಾದ್ರೆ ಅವರದ್ದೊಂದು ಒಪ್ಪಿಗೆ ಪತ್ರ ತನ್ನಿ. ಇಬ್ಬರು ಸಾಕ್ಷಿ ಬೇಕು.”