ಕ್ಲಾರಿನೆಟ್ ಕ್ಯೂಬಾದಲ್ಲಿ ಮೊದಲೇ ಇತ್ತು

ಕ್ಯೂಬಾದ ಸಂಗೀತಗಾರ ಪಾಕಿಟೊ ಡಿ'ರಿವೇರಾ ಬಗ್ಗೆ ನಿಮ್ಮ ಲೇಖನದಲ್ಲಿ ಇಷ್ಟು ಪ್ರೀತಿಯಿಂದ ಬರೆದಿದ್ದು ನೋಡಿ ಖುಷಿಯಾಯಿತು. ಆದರೆ ಅವರೇ ಕ್ಲಾರಿನೆಟ್ ಅನ್ನೋ ಊದುವಾದ್ಯವನ್ನು ಕೆರಿಬಿಯನ್ ಸಂಗೀತಕ್ಕೆ ತಂದುಕೊಟ್ಟರು ಅನ್ನೋ ಮಾತನ್ನು ಒಪ್ಪಲು ಆಗುತ್ತಿಲ್ಲ. ಅವರು ಹುಟ್ಟಿದ್ದು 1948ರಲ್ಲಿ, ಹವಾನಾದಲ್ಲಿ. ಅದಕ್ಕೂ ಎಷ್ಟೋ ಮೊದಲು, 1879ರಲ್ಲಿ ಕ್ಯೂಬಾದ ಮಟಾನ್ಸಾಸ್‌ನಲ್ಲಿ ಮಿಗೆಲ್ ಫೈಲ್ದೆ ದಾನ್ಸೋನ್ ಅನ್ನೋ ಕುಣಿತದ ಸಂಗೀತ ಶುರು ಮಾಡಿದ ಕಾಲದ ಮೇಳಗಳಲ್ಲಿ ಎರಡೆರಡು ಕ್ಲಾರಿನೆಟ್ ಇರುತ್ತಿದ್ದವು. ಪಕ್ಕದಲ್ಲೇ ಗೂಯಿರೊ, ಅಂದರೆ ಗೀರು ಕೊರೆದ ಒಣ ಸೋರೆಬುರುಡೆ, ಕಡ್ಡಿಯಿಂದ ಕೆರೆದು ನುಡಿಸುವಂಥದ್ದು. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ವಾದಕ ಸ್ಟೆಲಿಯೊ 1929ರಲ್ಲಿ ಪ್ಯಾರಿಸ್‌ಗೆ ಹೋಗಿ ಬಿಗೀನ್ ಕುಣಿತದ ಹುಚ್ಚು ಹಿಡಿಸಿದ್ದೂ ಕ್ಲಾರಿನೆಟ್‌ನಿಂದಲೇ ಅಲ್ವಾ? ಇವರನ್ನೆಲ್ಲ ಸುಮ್ನೆ ಮರೆತುಬಿಡುವುದು ಸರಿಯಲ್ಲ.

ಪಾಕಿಟೊ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರಣ ಬೇರೆ. ತಮ್ಮ ಊರಿನ ಕುಣಿತದ ಸಂಗೀತವನ್ನು ಅವರು ಶಾಸ್ತ್ರೀಯ ಕಛೇರಿಯ ವೇದಿಕೆಗೆ ಏರಿಸಿದರು, ಅದೂ ಅದರ ಬೆವರು ಒರೆಸದೆ. ಅವರ 1994ರ ಕೃತಿ ‘ಐರೆಸ್ ಟ್ರಾಪಿಕಾಲೆಸ್’ ಕೇಳಿ. ಐದೇ ಊದುವಾದ್ಯ, ಡ್ರಮ್ ಇಲ್ಲವೇ ಇಲ್ಲ. ‘ಹಬನೆರಾ’ ಭಾಗಕ್ಕೆ ಬಂದರೆ ಕೊಳಲು, ಕ್ಲಾರಿನೆಟ್, ಬಸೂನ್ ಮೂರೇ ಉಳಿಯುತ್ತವೆ. ಆದರೂ ಕಾಲು ತಾನಾಗಿ ತಾಳ ಹಾಕುತ್ತದೆ. ಲೇಖನ ಈ ಕೃತಿಗೆ ಇನ್ನೂ ಜಾಸ್ತಿ ಜಾಗ ಕೊಡಬೇಕಿತ್ತು.